ಮೈಮೇಲೆ ತೋರಿಸಬಾರದು

ಲಕ್ಕಿಗೆ ನೋಯುತ್ತಿದ್ದದ್ದು ಬಲಗಡೆಯ ಕೆಳದವಡೆಯ ಹಲ್ಲು. ಡಾಕ್ಟರು ಕಿತ್ತದ್ದು ಎಡಗಡೆಯದು. ಇಡೀ ಮಿರ್ಜಾನದಲ್ಲಿ ಈ ಸಂಗತಿ ಗೊತ್ತಿದ್ದದ್ದು ಇಬ್ಬರಿಗೇ: ಹಲ್ಲು ಕಳಕೊಂಡ ಲಕ್ಕಿಗೆ, ಮತ್ತು ಅವಳ ಸೊಸೆ ಉಮಾಳಿಗೆ. ಇಬ್ಬರೂ ಒಂದೇ ಒಲೆಯ ಮುಂದೆ ಎದುರುಬದುರು ಕೂತು ಗಂಜಿ ಉಣ್ಣುವವರು. ಆದರೂ ಇಬ್ಬರಲ್ಲಿ ಒಬ್ಬರೂ ಈ ಮಾತು ಎತ್ತಿರಲಿಲ್ಲ.

ಜನವರಿಯ ಕೊನೆಗೆ ಊರಿನ ಶಾಲೆಯಲ್ಲಿ ದಂತ ಶಿಬಿರ ನಡೆದಿತ್ತು. ದೂರದ ಯಾವುದೋ ಹಲ್ಲಿನ ಕಾಲೇಜಿನವರು ಒಂದು ಬಸ್ಸು ತುಂಬ ಬಂದಿದ್ದರು. ಎಲ್ಲವೂ ಪುಕ್ಕಟೆ ಎಂದು ಹಿಂದಿನ ದಿನವೇ ರಿಕ್ಷಾದಲ್ಲಿ ಮೈಕು ಕಟ್ಟಿ ಸಾರಿದ್ದರಿಂದ, ಹಲ್ಲು ನೋಯುತ್ತಿದ್ದವರು ಬಂದರು, ನೋಯದವರೂ ಬಂದರು, ಬಾಯಲ್ಲಿ ಒಂದೂ ಹಲ್ಲಿಲ್ಲದವರು ಸಹ ಏನಾದರೂ ಕೊಡುತ್ತಾರೋ ಎಂದು ಬಂದು ಸಾಲಿನಲ್ಲಿ ನಿಂತರು. ಲಕ್ಕಿ ಬೆಳಗ್ಗೆಯೇ ಗದ್ದೆಯ ಹರಿವೆ ಸೊಪ್ಪಿಗೆ ನೀರು ಹೊಯ್ದು, ಕೊರಳಿನ ಮಣಿಸರಗಳನ್ನು ಸರಿಪಡಿಸಿಕೊಂಡು, ಸೊಸೆಯನ್ನು ಕರೆದುಕೊಂಡು ಹೊರಟಿದ್ದಳು. ಮಗ ವಿನೋದ ಕುಮಟೆಯಲ್ಲಿ ಸಾಮಾನು ಸಾಗಿಸುವ ಟೆಂಪೋ ಓಡಿಸುವವನು. ಅವನಿಗೆ ಬರಲು ಆಗುತ್ತಿರಲಿಲ್ಲ.

ಶಾಲೆಯ ಜಗುಲಿಯ ಮೇಲೆ ಮೇಜು ಹಾಕಿಕೊಂಡು ಕೂತವಳು ಒಬ್ಬಳು ಹುಡುಗಿ. ಭಟ್ಕಳದವಳು, ಧನ್ಯಾ ಎಂದು ಹೆಸರು, ಹಲ್ಲಿನ ಡಾಕ್ಟರಿಕೆಯ ಕೊನೆಯ ವರ್ಷ ಓದುತ್ತಿದ್ದಳು. ಬಂದವರ ಹೆಸರು ಕೇಳಿ, ಯಾವ ಕಡೆಯ ಹಲ್ಲು ಎಂದು ಚೀಟಿಯಲ್ಲಿ ಬರೆದು, ಒಳಗೆ ಕಳಿಸುವುದು ಅವಳ ಕೆಲಸ. ಇನ್ನೇನು ತಮ್ಮ ಸರದಿ ಬಂತು ಎನ್ನುವಾಗ ಲಕ್ಕಿಗೆ ನಾಚಿಕೆಯಾಯಿತು. ಎಲೆಯಡಿಕೆಯ ಕವಳ ತಿಂದು ಕೆಂಪಾದ ಬಾಯನ್ನು ಡಾಕ್ಟರಿಗೆ ತೋರಿಸುವುದು ಹೇಗೆ? ಸೊಸೆಯನ್ನು ಸಾಲಿನಲ್ಲಿ ಬಿಟ್ಟು ನಲ್ಲಿಯ ಹತ್ತಿರ ಹೋದವಳು, ಹುಣಸೆಹಣ್ಣು ಹಾಕಿ ತಂಬಿಗೆ ತಿಕ್ಕುವವರ ಹಾಗೆ ಹಲ್ಲು ತಿಕ್ಕುತ್ತ ನಿಂತುಬಿಟ್ಟಳು. ಸರದಿ ಬಂದೇ ಬಂತು. ಮುಂದಿನವರು ಬನ್ನಿ ಎಂದು ಕರೆದರು. ಉಮಾ ಒಬ್ಬಳೇ ಮೇಜಿನ ಮುಂದೆ ಹೋಗಿ ನಿಂತಳು.

"ಅವ್ರು ಬಾಯಿ ತೊಳೀತಾ ಇದ್ದಾರೆ, ಈಗ ಬತ್ತಾರೆ."

"ಪರವಾಗಿಲ್ಲ, ನೀವೇ ಹೇಳಿ. ಯಾವ ಹಲ್ಲು? ನಿಮ್ಮ ಕೆನ್ನೆ ಮೇಲೆ ತೋರಿಸಿ, ಸಾಕು."

ಉಮಾಳ ಕೈ ಕೆನ್ನೆಯ ಹತ್ತಿರದವರೆಗೆ ಬಂದು, ಬೆಂಕಿ ಕಂಡ ಹಾಗೆ ಹಿಂದೆ ಸರಿಯಿತು.

ಈ ಕೈ ಹಿಂದೆ ಸರಿದದ್ದಕ್ಕೆ ಕಾರಣವಿದೆ. ಉಮಾ ಹೊನ್ನಾವರದ ಪೇಟೆಯಲ್ಲಿ ಬೆಳೆದವಳು. ಅವಳ ತಂದೆ ಯಾವುದೋ ಕಚೇರಿಯಲ್ಲಿ ಜವಾನ, ತಾಯಿ ವಸಂತಿ, ಬಾಯಿ ಜೋರಿನ ಹೆಂಗಸು. ಮದುವೆಯಾಗಿ ಮಿರ್ಜಾನಕ್ಕೆ ಬಂದ ಹೊಸತರಲ್ಲಿ, ತನ್ನ ಅಕ್ಕನ ಹೆರಿಗೆ ಆಪರೇಷನ್ ಆದ ಕತೆಯನ್ನು ಅತ್ತೆಗೆ ಹೇಳುತ್ತ, ಇಷ್ಟುದ್ದ ಕೊಯ್ದಿದ್ದರು ಎಂದು ತನ್ನ ಹೊಟ್ಟೆಯ ಮೇಲೇ ಬೆರಳಿನಿಂದ ಗೆರೆ ಎಳೆದಿದ್ದಳು. ಲಕ್ಕಿ ಅವಳ ಕೈಗೆ ಪಟ್ಟನೆ ಹೊಡೆದಿದ್ದಳು. "ಬೇರೆಯವ್ರ ಗಾಯ ಮೈಮೇಲೆ ತೋರಿಸ್ಬಾರ್ದು, ನಮ್ಗೇ ಬತ್ತದೆ. ಮುಟ್ಟಿ ತೆಗೆ. ತೆಗ್ದು ಹೊರಗೆ ಬಿಸಾಡು." ಉಮಾ ನಕ್ಕಿದ್ದಳು. ತೆಗೆದಿರಲಿಲ್ಲ. ಇದೆಲ್ಲ ಹಳ್ಳಿಯವರ ಮಾತು ಎಂದುಕೊಂಡಿದ್ದಳು.

ಕಳೆದ ಮಳೆಗಾಲದಲ್ಲಿ, ಐದು ತಿಂಗಳು ತುಂಬಿದ್ದ ಅವಳ ಬಸಿರು ಹೋಯಿತು. ಆಸ್ಪತ್ರೆಯಿಂದ ಬಂದ ದಿನ ಲಕ್ಕಿ ಬಿಸಿನೀರು ಕಾಯಿಸಿ ಮೀಯಿಸಿದಳು, ಮೆಂತೆ ಗಂಜಿ ಮಾಡಿ ಉಣಿಸಿದಳು, ಆದರೆ ಒಂದು ಮಾತೂ ಆಡಲಿಲ್ಲ. ನೀನು ಅವತ್ತು ತೆಗೆಯಲಿಲ್ಲವಲ್ಲ ಎಂದು ಒಂದು ಸಲ ಅಂದಿದ್ದರೆ ಉಮಾ ಜಗಳವಾಡುತ್ತಿದ್ದಳು, ಅಳುತ್ತಿದ್ದಳು, ಹೇಗೋ ಮುಗಿದುಹೋಗುತ್ತಿತ್ತು. ಅನ್ನಲಿಲ್ಲ. ಅನ್ನದೇ ಇದ್ದದ್ದನ್ನು ಉಮಾ ತೀರ್ಪು ಎಂದೇ ತಿಳಿದಳು. ಆಮೇಲೆ ಅವಳಿಗೆ ಯಾವುದೂ ತಾಗುವುದು ನಿಂತುಹೋಯಿತು. ಸೌದೆ ಒಡೆಯುವಾಗ ಕೈಗೆ ಚಕ್ಕೆ ಹೊಕ್ಕರೂ ರಕ್ತ ಕಂಡ ಮೇಲೆಯೇ ಗೊತ್ತಾಗುತ್ತಿತ್ತು. ವಿನೋದ ರಾತ್ರಿ ಏನಾದರೂ ತಮಾಷೆ ಹೇಳಿದರೆ, ಇದಕ್ಕೆ ನಗಬೇಕು ಎಂದು ನೆನಪು ಮಾಡಿಕೊಂಡು ನಗುತ್ತಿದ್ದಳು.

ಹೀಗಿದ್ದವಳು ಅತ್ತೆಯ ಹಲ್ಲುನೋವನ್ನು ತನ್ನ ಕೆನ್ನೆಯ ಮೇಲೆ ತೋರಿಸಿಯಾಳೇ? ತೋರಿಸಲಿಲ್ಲ. ಅತ್ತೆ ಎದುರಿಗೇ ಕೂತಿದ್ದಾಳೆ ಎಂದು ಕಲ್ಪಿಸಿಕೊಂಡಳು. ದಿನಾ ಉಣ್ಣುವಾಗ ಕೂರುವುದು ಹಾಗೇ ಅಲ್ಲವೇ? ಲಕ್ಕಿ ಅಂಗೈ ಒತ್ತಿ ಹಿಡಿಯುತ್ತಿದ್ದ ಕೆನ್ನೆ ಉಮಾಳ ಕಣ್ಣಿಗೆ ಎಡಗೈ ಬದಿಗೆ ಕಾಣುವಂಥದ್ದು. ಅವಳು ಎಡಗೈ ಎತ್ತಿ, ತನ್ನ ಮುಖದಿಂದ ದೂರ, ಗಾಳಿಯಲ್ಲಿ ತೋರಿಸಿದಳು.

"ಈ ಬದಿ. ಕೆಳಗೆ, ಹಿಂದಿಂದು."

ಧನ್ಯಾ ಆ ಕೈ ನೋಡಿದಳು. "ಎಡಗಡೆ, ಅಲ್ವಾ?"

ಉಮಾಳೂ ತನ್ನ ಕೈ ನೋಡಿಕೊಂಡಳು. ಎಡಗೈಯೇ. ಹಿಂದಿನವರು ನೂಕುತ್ತಿದ್ದರು. "ಹೂಂ" ಎಂದಳು.

ಒಳಗೆ ಎತ್ತರದ ಕುರ್ಚಿಯಲ್ಲಿ ಲಕ್ಕಿಯನ್ನು ಮಲಗಿಸಿ, ಮಣಿಸರಗಳ ಮೇಲೆ ಹಸಿರು ಬಟ್ಟೆ ಹೊದಿಸಿದರು. ಮೂಗುಬಾಯಿ ಮುಚ್ಚಿಕೊಂಡಿದ್ದ ಡಾಕ್ಟರು ಚೀಟಿ ನೋಡಿ, ಎಡಗಡೆಗೆ ಕನ್ನಡಿ ಹಾಕಿ, ಒಂದು ಹಲ್ಲಿಗೆ ತಟ್ಟಿದರು. "ಇದೇನಾ ಅಮ್ಮ?" ಬಾಯಿ ತುಂಬ ಅವರ ಬೆರಳು, ಕನ್ನಡಿ. ಅಂಥ ಬಾಯಿಂದ ಏನು ಹೊರಟೀತು? "ಆಂ" ಎಂದಳು ಲಕ್ಕಿ. ಅಲ್ಲಿಯೂ ಒಂದು ಹುಳುಕು ಹಲ್ಲಿತ್ತು ಎನ್ನುವುದು ಸುಳ್ಳಲ್ಲ. ನೋಯುವಷ್ಟು ನೊಂದು, ಯಾವಾಗಲೋ ಸತ್ತು, ತನ್ನಷ್ಟಕ್ಕೆ ತಾನಿದ್ದ ಹಲ್ಲು. ಸೂಜಿ ಎಡಗಡೆ ಚುಚ್ಚಿದಾಗಲೇ ಲಕ್ಕಿಗೆ ತಿಳಿಯಿತು. ಆದರೆ ಬಿಳಿಕೋಟು ಹಾಕಿಕೊಂಡು ಅಷ್ಟು ದೂರದಿಂದ ಬಂದವರಿಗೆ, ನೀವು ತಪ್ಪಿದಿರಿ ಎಂದು ಹೇಳುವ ಬಾಯಿ ಅವಳದಲ್ಲ, ತೆರೆದಿದ್ದರೂ ಅಲ್ಲ, ಮುಚ್ಚಿದ್ದರೂ ಅಲ್ಲ.

ಮನೆಗೆ ನಡೆದು ಬರುವಾಗ ಹತ್ತಿ ಕಚ್ಚಿಕೊಂಡೇ ಕೆನ್ನೆ ಚಿವುಟಿಕೊಂಡು ನಕ್ಕಳು. "ಅರ್ಧ ಮುಖ ಶಾಲೇಲೇ ಬಿಟ್ಟು ಬಂದೆ ಕಾಣ್ತದೆ, ಉಮಾ." ಅವಳ ತುಟಿಯಂಚಿನಿಂದ ಕೆಂಪು ಜೊಲ್ಲು ಇಳಿಯುತ್ತಿತ್ತು, ಅದು ಅವಳಿಗೆ ಗೊತ್ತಾಗುತ್ತಿರಲಿಲ್ಲ. ಉಮಾ ಸೆರಗಿನಿಂದ ಒರೆಸಿದಳು.

ಸಂಜೆ ಗಂಜಿಗೆ ಕೂತಾಗ ಮರಗಟ್ಟಿದ್ದ ಮುಖ ಬಿಟ್ಟಿತ್ತು. ಲಕ್ಕಿ ಒಂದು ಗುಟುಕು ಕುಡಿದು ಬಟ್ಟಲು ಕೆಳಗಿಟ್ಟಳು. ಅಂಗೈ ಕೆನ್ನೆಗೆ ಹೋಯಿತು. ಮೊದಲು ಹೋಗುತ್ತಿದ್ದ ಕೆನ್ನೆಗೇ, ಉಮಾಳ ಎಡಗೈ ಬದಿಗೆ ಕಾಣುವ ಅದೇ ಕೆನ್ನೆಗೆ. ಉಮಾ ಅದನ್ನು ನೋಡಿದಳು, ತನ್ನ ಎಡಗೈ ನೋಡಿಕೊಂಡಳು, ಮತ್ತೆ ಅತ್ತೆಯ ಕೆನ್ನೆ ನೋಡಿದಳು. ಎದೆ ಧಸಕ್ಕೆನ್ನಬೇಕಿತ್ತು. ಧಸಕ್ಕೆನ್ನಲಿಲ್ಲ. ಹೌದು, ಇದನ್ನೂ ನಾನೇ ಮಾಡಿದೆ ಎಂದು ಮಾತ್ರ ಅನ್ನಿಸಿತು, ಬಾವಿಗೆ ಕೊಡಪಾನ ಬಿದ್ದದ್ದನ್ನು ಮೇಲಿನಿಂದ ನೋಡುವವರ ಹಾಗೆ.

"ನೋವು ಅದೆಯಾ ಅತ್ತೆ?"

"ಗಾಯ ಆರ್ಬೇಕಲ್ಲೆ. ಹೋಗ್ತದೆ."

ಹೋಗಲಿಲ್ಲ. ನೋವೆಂದರೆ ನೆಂಟನೇ, ಉಂಡು ಹೊರಡಲು? ದಿನ ಹೋದಂತೆ ಬಲಗೆನ್ನೆ ಊದಿಕೊಂಡಿತು. ಲಕ್ಕಿ ಗದ್ದೆಯಲ್ಲಿ ನೀರು ಹೊಯ್ಯುವಾಗ ಹಾಡು ಹೇಳಿಕೊಳ್ಳುವವಳು, ಅವಳ ಹಾಡು ಕೇಳಿಯೇ ಆಚೆ ಗದ್ದೆಯವರು ಹೊತ್ತು ಎಷ್ಟಾಯಿತು ಎನ್ನುತ್ತಿದ್ದರು. ಈಗ ಬದನೆ ಸಾಲುಗಳ ನಡುವೆ ನೀರಿನ ಸದ್ದು ಬಿಟ್ಟರೆ ಬೇರೆ ಇಲ್ಲ. ಕವಳ ಬಿಟ್ಟಳು. ಗಂಜಿಯ ತಿಳಿ ಮಾತ್ರ ಕುಡಿದಳು. ಲವಂಗ ಜಜ್ಜಿ ಇಟ್ಟುಕೊಂಡಳು. ಅದನ್ನೂ ಉಮಾ ಕಾಣದ ಹಾಗೆ, ಬಚ್ಚಲ ಬದಿಗೆ ಹೋಗಿ.

ಉಮಾ ಗಂಡನ ಹತ್ತಿರ ಮಾತು ತೆಗೆದು ನೋಡಿದಳು. ತಾನು ಕೈ ತೋರಿಸಿದ್ದನ್ನು ಹೇಳಲಿಲ್ಲ, ಡಾಕ್ಟರು ಬೇರೆ ಹಲ್ಲು ಕಿತ್ತಿರಬಹುದು ಎಂದಷ್ಟೇ ಅಂದಳು. ವಿನೋದ ಮೊಬೈಲಿನಿಂದ ತಲೆ ಎತ್ತದೆ, "ದಾನಕ್ಕೆ ಬಂದ ಆಕಳ ಹಲ್ಲು ಎಣಿಸ್ಬಾರ್ದು ಅಂತಾರೆ. ದಾನಕ್ಕೆ ಕಿತ್ತ ಹಲ್ಲು ಎಣಿಸ್ತಾ ಕೂತ್ರೆ ಹೆಂಗೆ?" ಎಂದು ತನ್ನ ಮಾತಿಗೆ ತಾನೇ ನಕ್ಕ. ಉಮಾಳಿಗೆ ನಗುವುದು ನೆನಪಾಗಲಿಲ್ಲ.

ಅದೇ ವಾರ ಹೊನ್ನಾವರದಿಂದ ತಾಯಿ ಫೋನು ಮಾಡಿದಳು. ವಸಂತಿ ಆ ಹೊತ್ತಿಗೆ ಪೇಟೆಯ ಒಬ್ಬ ಹಲ್ಲಿನ ಡಾಕ್ಟರ ಜೊತೆ ಯುದ್ಧದಲ್ಲಿದ್ದಳು. ಹಲ್ಲಿನ ಮೇಲೆ ಕೂರಿಸಿದ ಕ್ಯಾಪು ಪಕ್ಕದ ಹಲ್ಲಿಗಿಂತ ಸ್ವಲ್ಪ ಬಿಳಿಯಾಯಿತಂತೆ. "ನಾನು ಬಿಡ್ತೆನಾ? ಇದೆಂತ ಡಾಕ್ಟ್ರೆ, ಬಾಯಲ್ಲಿ ಬಲ್ಬು ಹಾಕಿದ್ರಾ ಅಂತ ಕೇಳ್ದೆ. ಎಲ್ಲರೆದ್ರಿಗೆ ಕೇಳ್ದೆ. ಬದ್ಲಿಸಿಕೊಟ್ರು. ಅದೂ ಸರಿ ಬರ್ಲಿಲ್ಲ, ಮತ್ತೆ ಹೋಗ್ತೆ." ಇಂಥ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವಳಿಗೆ ಒಂದು ಮಾತು ಹೇಳಲು ಇಷ್ಟು ಕಷ್ಟವೇ ಎಂದು ಉಮಾ ಬೇರೆ ಯಾರನ್ನೋ ಕುರಿತು ಯೋಚಿಸುವಂತೆ ಯೋಚಿಸಿದಳು. ಫೋನಿಟ್ಟು ಅತ್ತೆಯ ಹತ್ತಿರ ಹೋದಳು.

"ಹೊನ್ನಾವರಕ್ಕೆ ಹೋಗ್ವ ಅತ್ತೆ. ಅಲ್ಲಿ ಒಬ್ರು ಡಾಕ್ಟ್ರಿದ್ದಾರೆ, ತೋರಿಸ್ಕಂಡು ಬರ್ವ."

"ಎಂತಕೆ? ಒಬ್ರು ಕೈ ಹಚ್ಚಿದ ಮೇಲೆ ಇನ್ನೊಬ್ರ ಹತ್ರ ಹೋದ್ರೆ ಕೈ ಹಚ್ಚಿದವ್ರಿಗೆ ಹೆಂಗೆ ಕಾಣ್ತದೆ?" ಲಕ್ಕಿ ಊದಿದ ಬದಿಯನ್ನು ಸೆರಗಿನಿಂದ ಮುಚ್ಚಿಕೊಂಡಳು. "ಮದ್ದು ಕೊಟ್ಟವ್ರನ್ನ ಬೈದ್ರೆ ಮದ್ದು ಮೈಗೆ ಹತ್ತೂದಿಲ್ಲ. ಅವ್ರ ಕೈಗುಣ ಚಲೋ ಅದೆ. ಸುಮ್ನಿರು."

ಆಮೇಲೆ ಉಮಾಳದು ಇದೇ ಪಾಡಾಯಿತು. ಹೇಳಿಬಿಡಬೇಕು ಎಂದು ದಿನಾ ಬೆಳಗ್ಗೆ ಅಂದುಕೊಳ್ಳುವುದು, ಹೇಳಿದರೆ ಆ ಹೊಟ್ಟೆಯ ಮೇಲಿನ ಗೆರೆಯೂ ಎದ್ದು ಬರುತ್ತದೆ ಎಂದು ಸಂಜೆಗೆ ನುಂಗಿಕೊಳ್ಳುವುದು. ಇಷ್ಟರಲ್ಲಿ ಲಕ್ಕಿಗೆ ಸಂಜೆ ಹೊತ್ತು ಮೈ ಬೆಚ್ಚಗಾಗತೊಡಗಿತು. ಹಲ್ಲಿನ ಕೀವು ತಲೆಗೇರಿ ಯಾರೋ ಸತ್ತರಂತೆ ಎಂಬ ಸುದ್ದಿಯನ್ನು ಉಮಾ ಬಸ್ಸಿನಲ್ಲಿ ಕೇಳಿಸಿಕೊಂಡು ಬಂದಿದ್ದಳು. ಹೇಳದಿದ್ದರೆ ಈ ಹೆಂಗಸು ಹೀಗೇ ಚಲೋ ಅದೆ ಎನ್ನುತ್ತಲೇ ಹೋಗಿಬಿಡುತ್ತಾಳೆ ಎಂಬುದು ಅವಳಿಗೆ ಸ್ಪಷ್ಟವಾಗಿ ಗೊತ್ತಿತ್ತು. ಗೊತ್ತಿದ್ದೂ ನಾಲಿಗೆ ಏಳುತ್ತಿರಲಿಲ್ಲ.

ಆಗ ಧನ್ಯಾ ಬಂದಳು. ಮಧ್ಯಾಹ್ನದ ಬಿಸಿಲಿನಲ್ಲಿ, ಕೊಡೆ ಇಲ್ಲದೆ, ಗದ್ದೆಯ ಅಂಚಿನ ಮೇಲೆ ನಡೆದುಕೊಂಡು. ಲಕ್ಕಿ ಅವಳನ್ನು ದೂರದಿಂದಲೇ ಗುರುತು ಹಿಡಿದು, ಜಗುಲಿಯ ಮೇಲೆ ಚಾಪೆ ಹಾಸಿದಳು, ಒಳಗೆ ಹೋಗಿ ತಾನೇ ಮಜ್ಜಿಗೆ ತಂದಳು.

"ಕುಡಿ ತಂಗಿ. ಮೋರೆ ಹೆಂಗೆ ಬಾಡೋಗದೆ ನೋಡು. ಅವ್ವ ಎಂತಾ ಹೇಳೂದಿಲ್ವಾ ನಿಂಗೆ, ಇಷ್ಟು ಬಿಸ್ಲಲ್ಲಿ ತಿರುಗೂಕೆ?"

ಧನ್ಯಾ ಮಜ್ಜಿಗೆ ಕುಡಿದು ಬಂದ ಕಾರಣ ಹೇಳಿದಳು. ಹಲ್ಲು ತೋರಿಸಿಕೊಂಡವರಿಗೆ ಎಷ್ಟು ಸಮಾಧಾನವಾಗಿದೆ, ಹಳ್ಳಿಯವರಿಗೆಷ್ಟು, ಪೇಟೆಯವರಿಗೆಷ್ಟು ಎಂದು ಕೇಳಿ ನೋಡುವುದು ಅವಳ ಓದಿನ ಭಾಗವಂತೆ. ಭಟ್ಕಳ, ಹೊನ್ನಾವರ ಮುಗಿದಿದ್ದವು. ಕುಮಟೆ ಕಡೆಯ ಹಳ್ಳಿಗಳು ಉಳಿದಿದ್ದವು.

"ಭಟ್ಕಳದಲ್ಲಿ ಒಬ್ಬರು, ಕುರ್ಚಿ ಮೇಲಿನ ದೀಪ ಕಣ್ಣಿಗೆ ಹೊಡೀತು ಅಂತ ಅರ್ಧ ಗಂಟೆ ಬೈದ್ರು ಅಮ್ಮ. ಹೊನ್ನಾವರದಲ್ಲಿ ಕಾಯಿಸಿದ್ದಕ್ಕೆ ಬೈದ್ರು, ಕಾಯಿಸಲಿಲ್ಲ, ಅವಸರ ಮಾಡಿದ್ರು ಅಂತಲೂ ಬೈದ್ರು. ಹಳ್ಳೀಲಿ ಮಾತ್ರ ಎಲ್ಲರೂ ಚಲೋ ಆತು ಅಂತಾರೆ. ಹಳ್ಳೀಲೇ ನಾವು ಒಳ್ಳೆ ಕೆಲಸ ಮಾಡಿದ್ದೇವೆ ಅಂತ ನಮ್ಮ ಮೇಡಂಗೂ ಖುಷಿ."

ಅವಳು ಒಂದೊಂದಾಗಿ ಕೇಳಿದಳು. ಡಾಕ್ಟರು ಸರಿಯಾಗಿ ಮಾತಾಡಿಸಿದರಾ? ಅಮ್ಮ ಅಂತ ಕರೆದರು, ಇನ್ನೆಂತ ಬೇಕು. ಕೀಳುವಾಗ ನೋವಾಯಿತಾ? ಇಲ್ಲ ತಂಗಿ, ಗೊತ್ತೇ ಆಗಲಿಲ್ಲ. ಈಗ ನೋವು ಹೋಯಿತಾ?

"ಹೋತು."

ಲಕ್ಕಿಯ ಸೆರಗು ಬಲಗೆನ್ನೆಯ ಮೇಲಿತ್ತು. ಜಗುಲಿಯ ಕಂಬಕ್ಕೆ ಒರಗಿ ನಿಂತಿದ್ದ ಉಮಾ ಅದನ್ನು ನೋಡುತ್ತಿದ್ದಳು.

ಧನ್ಯಾ ಮೊಬೈಲಿನಲ್ಲಿ ಐದು ಗುಂಡು ಮುಖಗಳನ್ನು ತೋರಿಸಿದಳು. ಒಂದು ಅಳುತ್ತಿತ್ತು, ಒಂದು ಬಾಯಿ ಕಿವಿಗೆ ಮುಟ್ಟುವಂತೆ ನಗುತ್ತಿತ್ತು, ಉಳಿದವು ನಡುವೆ. "ನಿಮಗೆ ಹೇಗನ್ನಿಸ್ತೋ ಅದನ್ನ ಮುಟ್ಟಿ." ಲಕ್ಕಿ ಬೆರಳನ್ನು ಸೀರೆಗೆ ಒರೆಸಿಕೊಂಡು, ಕುಂಕುಮ ಹಚ್ಚುವಷ್ಟು ಮೆಲ್ಲಗೆ, ಎಲ್ಲಕ್ಕಿಂತ ದೊಡ್ಡದಾಗಿ ನಗುವ ಮುಖವನ್ನು ಮುಟ್ಟಿದಳು. ತಾನೂ ನಗಲು ನೋಡಿದಳು. ಊದಿದ ಬದಿ ನಗಲು ಬಿಡಲಿಲ್ಲ.

ಆ ಅರ್ಧ ನಗುವನ್ನು ನೋಡಿ ಉಮಾಳಿಗೆ ಮೊದಲು ಬಂದದ್ದು ಸಿಟ್ಟು. ಎಷ್ಟು ತಿಂಗಳಾಗಿತ್ತೋ ಸಿಟ್ಟು ಬಂದು. ಬರೀ ಬಾಯಲ್ಲಿ ಹೇಳಿದರೆ ಅತ್ತೆ, ಇಲ್ಲ ತಂಗಿ, ಇವಳಿಗೆ ಗೊತ್ತಿಲ್ಲ ಎಂದು ತಳ್ಳಿಹಾಕಿಬಿಡುತ್ತಿದ್ದಳು. ಉಮಾ ಕಂಬ ಬಿಟ್ಟು ಬಂದು ಧನ್ಯಾಳ ಎದುರಿಗೆ ಕುಕ್ಕರಿಸಿದಳು. ತನ್ನ ಬಾಯಿಗೆ ಬೆರಳು ಹಾಕಿ, ತನ್ನದೇ ಬಲಗಡೆಯ ಕೆಳಗಿನ ಹಿಂದಿನ ಹಲ್ಲನ್ನು ಒತ್ತಿ ಹಿಡಿದಳು.

"ಇದು ಡಾಕ್ಟ್ರೆ. ಅತ್ತೆಗೆ ನೋಯ್ತಾ ಇದ್ದದ್ದು ಇದು. ಈಗ್ಲೂ ನೋಯ್ತದೆ. ಮೈಮೇಲೆ ತೋರಿಸ್ಬಾರ್ದು ಅಂತ ನಾನು ಗಾಳೀಲಿ ತೋರಿಸ್ದೆ. ಅತ್ತೆ ಎದ್ರಿಗೆ ಕೂತಾರೆ ಅಂದ್ಕಂಡು ತೋರಿಸ್ದೆ. ನೀವು ನನ್ನ ಕೈ ನೋಡಿ ಎಡ ಅಂದ್ರಿ, ನಾನು ಹೂಂ ಅಂದೆ. ತಪ್ಪು ನಂದು."

ಧನ್ಯಾ ತನ್ನ ಎರಡು ಕೈಗಳನ್ನು ನೋಡಿಕೊಂಡಳು, ಎದುರಿಗೆ ಕೂತವಳ ಕೈ ನೋಡಿದಳು, ಮೊಬೈಲನ್ನು ಚಾಪೆಯ ಮೇಲೆ ಕವುಚಿಟ್ಟಳು. "ನಾನು ಅವರನ್ನೇ ಕರೆಸಿ ಕೇಳಬೇಕಿತ್ತು," ಎಂದಳು.

ಆದರೆ ಅವಳ ಮಾತನ್ನು ಕೇಳುವವರು ಅಲ್ಲಿ ಯಾರೂ ಇರಲಿಲ್ಲ. ಲಕ್ಕಿ ಎದ್ದುಬಂದು ಉಮಾಳ ಮಣಿಕಟ್ಟು ಹಿಡಿದು ಬಾಯಿಂದ ಕೈಯನ್ನು ಎಳೆದು ತೆಗೆದಿದ್ದಳು. ಇಷ್ಟು ದಿನ ಹಲ್ಲು ಕಳಕೊಂಡೂ, ಮುಖ ಊದಿಯೂ, ಜ್ವರ ಬಂದೂ ಒಂದು ದೂರು ಹೇಳದ ಹೆಂಗಸು ಈಗ ಕೂಗುತ್ತಿದ್ದಳು.

"ತೆಗೆ. ತೆಗೆ ಮೊದ್ಲು ಅದ್ನ. ನಿಂಗೆ ಎಷ್ಟು ಸಲ ಹೇಳೂದು?" ಎನ್ನುತ್ತ ತನ್ನ ಸೆರಗಿನಿಂದ ಉಮಾಳ ಕೆನ್ನೆಯನ್ನು ತಿಕ್ಕಿ ತಿಕ್ಕಿ ಒರೆಸಿದಳು. ಒರೆಸಿದ್ದನ್ನು ಮುಷ್ಟಿಯಲ್ಲಿ ಹಿಡಿದು ಅಂಗಳಕ್ಕೆ ಬೀಸಿದಳು, ಮತ್ತೆ ಒರೆಸಿದಳು, ಮತ್ತೆ ಬೀಸಿದಳು. ಸೆರಗು ಸರಿದು ಊದಿದ ಕೆನ್ನೆ ಬಯಲಾಗಿತ್ತು, ಅದರ ಪರಿವೆ ಅವಳಿಗಿರಲಿಲ್ಲ. "ಅವತ್ತು ಹೊಟ್ಟೆ ಮೇಲೆ ಗೆರೆ ಎಳ್ದಾಗ್ಲೂ ನೀನು ತೆಗೀಲಿಲ್ಲ. ಹುಡುಗಿ, ನಿಂಗೆಂತ ಗೊತ್ತು. ನಂಗೆ ಗೊತ್ತಿತ್ತಲ್ಲ. ನಾನಾದ್ರೂ ತೆಗ್ದು ಹಾಕ್ಬೇಕಿತ್ತು. ನಗ್ತಾಳೆ ಅಂತ ಬಿಟ್ಟೆ. ಬಿಟ್ಟೆ ನಾನು."

ಉಮಾ ಅತ್ತೆಯ ಮುಖ ನೋಡಿದಳು. ಮಳೆಗಾಲದಿಂದ ತಾನು ತೀರ್ಪು ಎಂದುಕೊಂಡಿದ್ದ ಮೌನ ಇದಾಗಿತ್ತೇ. ಈ ಹೆಂಗಸು ಇಷ್ಟು ದಿನ ಒಲೆಯ ಆಚೆ ಬದಿ ಕೂತು ತನ್ನನ್ನು ತಾನೇ ಬೈದುಕೊಳ್ಳುತ್ತ ಗಂಜಿ ಕುಡಿಯುತ್ತಿದ್ದಳೇ. ತಿಕ್ಕಿಸಿಕೊಂಡ ಕೆನ್ನೆ ಉರಿಯತೊಡಗಿತು. ಸೂಜಿಯ ಮದ್ದಿನ ಜೋಮು ಇಳಿಯುವಾಗ ಮೊದಲು ತುಟಿಯಂಚು ಜುಮ್ಮೆನ್ನುತ್ತದೆ, ಆಮೇಲೆ ಕೆನ್ನೆ, ಆಮೇಲೆ ಗಾಯ. ಹಾಗೆಯೇ ಬಂತು ಇಷ್ಟು ದಿನ ತಾಗದಿದ್ದ ನೋವು. ಹೊಟ್ಟೆಯವರೆಗೆ ಬಂತು. ಉಮಾ ಅತ್ತಳು, ಆಸ್ಪತ್ರೆಯಲ್ಲಿ ಅಳದಿದ್ದದ್ದನ್ನೆಲ್ಲ ಅತ್ತಳು.

ಲಕ್ಕಿ ಅಳಲು ಬಿಟ್ಟಳು. ಧನ್ಯಾಳ ಕಡೆ ತಿರುಗಿದಳು.

"ತಂಗಿ, ಇವ್ಳಿಗೆ ಎಂತ ಆಗೂದಿಲ್ಲ ಅಲ್ದಾ? ಒಂದ್ಸಲ ಇವ್ಳ ಬಾಯಿ ನೋಡು. ಆ ಹಲ್ಲು ಸರಿ ಅದೆಯಾ ನೋಡು."

ಧನ್ಯಾ ಮೊಬೈಲಿನ ದೀಪ ಹಾಕಿ, ಅಳುತ್ತಿದ್ದವಳ ಬಾಯೊಳಗೆ ನೋಡಿದಳು. ಬಿಕ್ಕುತ್ತಿದ್ದ ಬಾಯಿ, ನೆಟ್ಟಗೆ ತೆರೆದು ನಿಲ್ಲುತ್ತಿರಲಿಲ್ಲ. ಆದರೂ ನಿಧಾನವಾಗಿ ನೋಡಿದಳು. "ಸರಿ ಇದೆ ಅಮ್ಮ. ಗಟ್ಟಿ ಇದೆ. ಈಗ ನಿಮ್ಮದು ತೋರಿಸಿ. ಕೀವು ಕಟ್ಟಿದೆ, ಇವತ್ತೇ ಕುಮಟೆಗೆ ಹೋಗಬೇಕು. ನಾನೇ ಕರ್ಕೊಂಡು ಹೋಗ್ತೇನೆ." ಮೊಬೈಲಿನ ಕಡೆ ನೋಡಿ ಕೇಳಿದಳು, "ಆ ನಗುವ ಮುಖ ತೆಗೆದುಬಿಡ್ಲಾ?"

"ಅದ್ನ ಎಂತಕೆ ತೆಗೂದು? ಇರ್ಲಿ. ಬಿಸ್ಲಲ್ಲಿ ಬಂದಿದ್ದೆ ನೀನು."

ಧನ್ಯಾ ದೀಪ ಹಿಡಿದಳು. ಲಕ್ಕಿ ಬಾಯಿ ತೆರೆದು, ಯಾರೂ ಕೇಳುವ ಮೊದಲೇ, ತನ್ನ ಹಲ್ಲನ್ನು ತಾನೇ ಬೆರಳಿಟ್ಟು ತೋರಿಸಿದಳು. ಅವಳ ಇನ್ನೊಂದು ಕೈ ಉಮಾಳ ಮಣಿಕಟ್ಟನ್ನು ಬಿಟ್ಟಿರಲಿಲ್ಲ.